ವೆಂಕಟರಾಯಪ್ಪನವರ ಕೊನೆಯ ಚಿತ್ರ

“ಇದಕ್ಕೆ ಕುಂಕುಮ ಹಚ್ಚಿದ್ದು ಯಾರಮ್ಮ?”

ಮನೋಹರ್ ಅಂಗೈಯಗಲದ ಹಸಿರು ಸರ್ಕ್ಯೂಟ್ ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದ. ಅವನು ದಾಬಸ್‌ಪೇಟೆಯಲ್ಲಿ ಕಾರ್ಖಾನೆಯ ಯಂತ್ರಗಳನ್ನು ರಿಪೇರಿ ಮಾಡುವವನು.

“ನಾನೇ ಕಣಪ್ಪ. ಇಪ್ಪತ್ತೆಂಟು ಆಯುಧಪೂಜೆ ಆಯ್ತು,” ಎಂದರು ಅಮ್ಮಯಮ್ಮ. “ಅಡೀಲಿ ವಿಭೂತಿನೂ ಇರ್ಬೇಕು ನೋಡು.”

“ಚೆಂಡುಹೂವೂ ಐತೆ ಬಿಡಿ.”

ಅಮ್ಮಯಮ್ಮನ ಗಂಡ ವೆಂಕಟರಾಯಪ್ಪನವರು ದೊಡ್ಡಬಳ್ಳಾಪುರದ ಮಗ್ಗಗಳಿಗೆ ಸೀರೆಯ ಅಂಚು ಬರೆದುಕೊಡುತ್ತಿದ್ದವರು. ಅವರ ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುತ್ತಿದ್ದುದು ಈ ಹಲಗೆ. ಅವರು ತೀರಿಕೊಂಡ ವಾರವೇ ಪರದೆಯೂ ಕಪ್ಪಾಯಿತು. ಅವರ ಚಿತ್ರಗಳು ಬೇರೆ ಯಾವ ಕಂಪ್ಯೂಟರಿನಲ್ಲೂ ತೆರೆಯಲಿಲ್ಲ.

ಹಾಲು-ತುಪ್ಪದ ದಿನ ಕಾಗೆ ಎಡೆ ಮುಟ್ಟಿರಲಿಲ್ಲ. ಕಾಯಿಲೆಯ ಮೂರು ತಿಂಗಳು ಗಂಡನಿಗೆ ಬಡಿಸಿದಂತೆಯೇ, ಡಾಕ್ಟರ ಪಥ್ಯ ಒಂದಿಷ್ಟೂ ತಪ್ಪದಂತೆ, ಅಮ್ಮಯಮ್ಮ ಸಪ್ಪೆ ಸೊಪ್ಪಿನ ಸಾರು, ಸಣ್ಣ ಮುದ್ದೆ ಇಟ್ಟಿದ್ದರು. ಕಾಗೆ ಬಂತು, ನೋಡಿತು, ಹಾರಿಹೋಯಿತು. ನೆಂಟರು ಹಸಿದುಕೊಂಡು ಸಂಜೆಯವರೆಗೆ ಕೈಮುಗಿದು ನಿಂತರು.

ಯಾವುದೋ ಆಸೆ ಉಳಿದಿದೆ ಎಂದರು ಹಿರಿಯರು. ಯಾವುದೆಂದು ಅಮ್ಮಯಮ್ಮನಿಗೆ ಗೊತ್ತಿತ್ತು. ಮಲಗಿದ್ದಲ್ಲಿಂದ ಕಂಪ್ಯೂಟರಿನತ್ತ ಕೈ ತೋರಿಸಿ, “ನನ್ನಾಸೆ ಅದ್ರಲ್ಲೇ ಐತೆ ಕಣೆ” ಎಂದಿದ್ದರು ಗಂಡ. ಕಾಯಿಲೆ ಬಿದ್ದ ಮೇಲೂ ದಿನಾ ಅದರ ಮುಂದೆ ಕೂತು ಏನೋ ಬರೆಯುತ್ತಿದ್ದರು. ಯಾರಿಗೂ ತೋರಿಸಲಿಲ್ಲ.

ನಾಳೆ ವರ್ಷದ ತಿಥಿ. ನಾಳೆಯೂ ಕಾಗೆ ಮುಟ್ಟದಿದ್ದರೆ? ಆ ಯೋಚನೆಗೇ ಅಮ್ಮಯಮ್ಮ ಮನೋಹರ್‌ನನ್ನು ಕರೆಸಿದ್ದರು.

ಮನೋಹರ್ ಸ್ಪಿರಿಟ್‌ನಲ್ಲಿ ಬ್ರಷ್ ಅದ್ದಿ ಕುಂಕುಮ ತೆಗೆದ. ಅಡಿಯಲ್ಲಿ ಒಂದು ನಂಬರು ಕಂಡಿತು. ಫೋಟೊ ತೆಗೆದು, ಹಳೆಯ ಯಂತ್ರಗಳ ಹುಚ್ಚಿರುವ ಗೆಳೆಯರಿಗೆ ಕಳಿಸಿದ. ಉತ್ತರ ಗಂಟೆಯೊಳಗೆ ಬಂತು.

“ಸೀರೆ ಡಿಸೈನಿಗೆ ಅಂತಾನೇ ಮಾಡಿದ್ದಂತೆ. ಆ ಕಂಪನಿ ಮುಚ್ಚಿ ಕಾಲ ಆಯ್ತು. ಜೀವಂತ ಇರೋದು ಇದೊಂದೇ ಅಂತವ್ರೆ.”

“ಮೊದ್ಲು ಜೀವ ಬರಿಸಪ್ಪ,” ಎಂದ ಅಳಿಯ ಕೆಂಪರಾಜ್.

ಊದಿಕೊಂಡಿದ್ದ ಮೂರು ಕೆಪಾಸಿಟರು ಬದಲಾದವು. ಹಲಗೆಯ ಅಂಚಿನ, ಹೊಳಪು ಹೋದ ಲೋಹದ ಹಲ್ಲುಗಳನ್ನು ಮನೋಹರ್ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಹಲಗೆಯನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಅಮ್ಮಯಮ್ಮ ಕರ್ಪೂರ ಹಚ್ಚಿದರು.

“ಅಮ್ಮ, ಕುಂಕುಮ ಮಾತ್ರ ಬೇಡಿ!”

ಪರದೆ ಮಿಣುಕಿತು. ಗೆರೆಗೆರೆಯಾಗಿ ಕೊನೆಯ ಚಿತ್ರ ಮೇಲಿನಿಂದ ಇಳಿಯಿತು. ನವಿಲಿಲ್ಲ, ಮಾವಿನಕಾಯಿ ಅಂಚಿಲ್ಲ. ನಡುವೆ ತೂತಿರುವ ದುಂಡನೆಯದೊಂದು, ಕಂದು ಬಣ್ಣ.

“ಸುದರ್ಶನ ಚಕ್ರ ಅತ್ತೆ!” ಕೆಂಪರಾಜ್ ಕೆನ್ನೆ ಬಡಿದುಕೊಂಡ. ಮಗಳು ಕವಿತ ಅಡ್ಡಬಿದ್ದಳು.

“ಬಣ್ಣ ಕೆಟ್ಟಿರ್ಬೇಕು,” ಎಂದು ಮನೋಹರ್ ಗೊಣಗಿದ. “ಚಕ್ರ ಚಿನ್ನದ ಬಣ್ಣ ಇರ್ಬೇಕಲ್ವಾ? ಮೇಲೆ ಹೊಗೆ ಬೇರೆ ಬರೆದವ್ರೆ.”

ಅಮ್ಮಯಮ್ಮ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಏಳೇ ಕವಿತ. ಉದ್ದಿನಬೇಳೆ ನೆನೆಹಾಕು, ಬಾಣಲೆ ತೆಗಿ. ನಿಮ್ಮಪ್ಪಂಗೆ ಇನ್ನು ಪಥ್ಯ ಬೇಡ.”