ಮುನ್ನೂರು ಕನ್ನಡಕಗಳ ಪೆಟ್ಟಿಗೆ

"ಏನಮ್ಮಾ ಇದು, ಒರೆಸಿದ್ದೋ ಬಳಿದಿದ್ದೋ?" ಎಂದು ಕನ್ನಡಕದಂಗಡಿಯ ಯಜಮಾನರು ಒಂದು ಹಳೆಯ ಕನ್ನಡಕವನ್ನು ಟ್ಯೂಬ್‌ಲೈಟಿಗೆ ಹಿಡಿದರು. ಗಾಜಿನ ಮೇಲೆ ಹೆಬ್ಬೆರಳಿನ ಗುರುತು ಮುದ್ರೆ ಒತ್ತಿದ ಹಾಗೆ ಕೂತಿತ್ತು. "ಇಲ್ಲಿ ನೋಡು, ಈ ನೀಲಿ ಫ್ರೇಮಿಂದು ಹೇಗೆ ಹೊಳೀತಿದೆ! ಇದನ್ನ ಒರೆಸಿದ ಕೈಯೇ ತಾನೆ ಅದನ್ನೂ ಒರೆಸಿದ್ದು?"

"ಕೊಡಿ ಡಾಕ್ಟ್ರೇ, ಇನ್ನೊಂದು ಸಲ ಒರೆಸ್ತೀನಿ," ಎಂದು ಅಂಗಡಿ ಗುಡಿಸುವ ಅಕ್ಕ ಕೈ ಚಾಚಿದಳು. ಅವರು ಡಾಕ್ಟರೇನೂ ಅಲ್ಲ. ಕಣ್ಣು ಪರೀಕ್ಷಿಸಿ, ನಂಬರು ಬರೆದು, ಕನ್ನಡಕ ಮಾಡಿಕೊಡುವವರು. ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು, ಅವರೂ ಬೇಡ ಅಂದಿರಲಿಲ್ಲ. ಯಾರು ತಾನೆ ಅನ್ನುತ್ತಾರೆ ಹೇಳಿ!

ಎರಡು ತಿಂಗಳಿಂದ ಅವರಿಗೆ ಇದೇ ಧ್ಯಾನ. ಮನೆಮನೆಯ ಮೆಟ್ಟಿಲು ಹತ್ತಿ, ಡ್ರಾಯರುಗಳಲ್ಲಿ ಧೂಳು ತಿನ್ನುತ್ತಿದ್ದ ಕನ್ನಡಕಗಳನ್ನೆಲ್ಲ ಕೇಳಿ ತಂದು, ಒಂದೊಂದರ ನಂಬರನ್ನೂ ಅಳೆದು ಚೀಟಿ ಅಂಟಿಸಿದ್ದರು. ಒಟ್ಟು ಮುನ್ನೂರು. ಹಡಗಿನಲ್ಲಿ ದೂರದ ಯಾವುದೋ ಬಡ ದೇಶಕ್ಕೆ ಹೋಗುತ್ತವೆ. ಸಂಜೆ ವ್ಯಾನು ಬರುವುದರೊಳಗೆ ಪೆಟ್ಟಿಗೆ ಕಟ್ಟಬೇಕಿತ್ತು.

"ಅಷ್ಟು ದೂರ ಹೋಗಿ ಇವೇನು ಮಾಡ್ತಾವೆ ಡಾಕ್ಟ್ರೇ? ಕನ್ನಡಕ ಹಾಕ್ಕೊಂಡ್ರೆ ಹೊಟ್ಟೆ ತುಂಬುತ್ತಾ?"

ಇಂಥದ್ದೊಂದು ಪ್ರಶ್ನೆಗೇ ಅವರು ಕಾದಿದ್ದರು. "ತುಂಬುತ್ತಮ್ಮಾ! ನಲವತ್ತು ದಾಟಿತು ಅಂದ್ರೆ ಯಾರಿಗಾದ್ರೂ ಹತ್ತಿರದ್ದು ಮಸುಕಾಗುತ್ತೆ. ನಮಗಾದ್ರೆ ಪೇಪರ್ ಓದೋಕೆ ಕಷ್ಟ, ಅಷ್ಟೇ. ಅಲ್ಲಿ ಬಟ್ಟೆ ಹೊಲಿಯೋಳಿಗೆ ಸೂಜಿಗೆ ದಾರ ಪೋಣಿಸೋಕಾಗಲ್ಲ. ಕೆಲಸ ಹೋಯ್ತು. ಅಂಥ ಕಲಿತ ಕೈ ಕೊನೆಗೆ ಯಾರದೋ ಮನೆ ಕಸ ಗುಡಿಸಬೇಕು..." ಎಂದವರು ಎದುರಿಗಿದ್ದ ಪೊರಕೆ ನೋಡಿ ನಾಲಿಗೆ ಕಚ್ಚಿಕೊಂಡರು. "ಅಂದ್ರೆ, ಬಡತನ ಕಳೆಯೋಕೆ ದೊಡ್ಡೋರೇ ಬರಬೇಕು ಅಂತೇನಿಲ್ಲ. ನಿನ್ನಂಥೋಳು, ನನ್ನಂಥೋನು, ಒಂದು ಹಳೇ ಕನ್ನಡಕ. ಸಾಕು."

"ಹೌದಾ," ಎಂದಳು ಅಕ್ಕ. ಒರೆಸುವ ಬಟ್ಟೆ ಮಡಿಸಿಕೊಂಡು ಮತ್ತೆ, "ಹೌದಾ ಡಾಕ್ಟ್ರೇ," ಎಂದಳು. ಕನ್ನಡಕವನ್ನು ತೋಳುದ್ದ ದೂರ ಹಿಡಿದು ಒರೆಸುತ್ತಿದ್ದಳು. ಎಲ್ಲಿ ಮುರಿದೀತೋ ಅಂತ ಹೆದರಿಕೆ ಪಾಪ, ಎಂದುಕೊಂಡರು ಅವರು.

ಪೆಟ್ಟಿಗೆಗೆ ಹಗ್ಗ ಬಿಗಿಯುವಾಗ ಅವಳು ಹೇಳಿದಳು: "ನಾಳೆ ಬೆಳಿಗ್ಗೆ ಬರೋಕಾಗಲ್ಲ. ಒಂದು ಒಳ್ಳೆ ಕೆಲಸ ಇದೆ, ಬಾ ಅಂದಿದಾರೆ. ಸಿಕ್ಕಿದ್ರೆ ಮಗಳನ್ನ ಕಾಲೇಜು ಬಿಡಿಸೋದು ತಪ್ಪುತ್ತೆ."

"ಸಿಗ್ಲಿ ಸಿಗ್ಲಿ. ಆ ಗಂಟು ಸ್ವಲ್ಪ ಗಟ್ಟಿಯಾಗಿ ಹಾಕು," ಎಂದರು. ಏನು ಕೆಲಸ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಪುಣ್ಯಾತ್ಮರಿಗೆ ಆಗ ಕಣ್ಣೆಲ್ಲ ವ್ಯಾನಿನ ಮೇಲಿತ್ತು.

ಮಾರನೇ ದಿನ ಮಧ್ಯಾಹ್ನ ಅಕ್ಕ ಬಂದವಳೇ ಬಕೆಟ್ಟಿಗೆ ನೀರು ಹಿಡಿದಳು. "ಕೆಲಸ ಏನಾಯ್ತಮ್ಮಾ?" ಎಂದರೆ ನಕ್ಕುಬಿಟ್ಟಳು.

"ಆಗ್ಲಿಲ್ಲ ಬಿಡಿ. ಯೂನಿಫಾರಂ ಹೊಲಿಯೋ ಕೆಲಸ. ಹನ್ನೆರಡು ವರ್ಷ ಮೆಷಿನ್ ಮೇಲೆ ಕೂತೋಳು ನಾನು, ಕಾಲರ್ ಅಂದ್ರೆ ನನ್ನನ್ನೇ ಕರೀತಿದ್ರು. ಇವತ್ತು ಕೆಲಸ ಕೇಳ್ಕೊಂಡು ಬಂದೋರೆಲ್ಲರ ಮುಂದೆ ದಾರ ಪೋಣಿಸು ಅಂದ್ರು. ಎಂಜಲು ಹಚ್ಚಿದೆ, ಹೊಸೆದೆ, ಏನು ಮಾಡಿದ್ರೂ ಸೂಜಿಕಣ್ಣೇ ಸಿಗಲ್ಲ! ಪಕ್ಕದಲ್ಲಿ ಕೂತಿದ್ದ ಹುಡುಗಿ ಕಿಸಕ್ಕಂತ ನಕ್ಕಳು. 'ಮನೇಲಿ ಆರಾಮಾಗಿರಿ ಅಜ್ಜಿ' ಅಂತ ಕಳಿಸಿದ್ರು. ನಲವತ್ತೈದಕ್ಕೇ ಅಜ್ಜಿ ಆದೆ ನೋಡಿ."

ಅವರು ಅವಳ ಕೈಯಿಂದ ಬಕೆಟ್ಟು ಇಸಕೊಂಡು ಬದಿಗಿಟ್ಟರು. ನಾಲ್ಕು ವರ್ಷದಿಂದ ಈ ಹೆಂಗಸು ಕಣ್ಣು ಪರೀಕ್ಷೆಯ ಕುರ್ಚಿಯ ಕಾಲು ಒರೆಸುತ್ತಿದ್ದಾಳೆ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸಿದ ಕುರ್ಚಿ ಅದು.

"ಕೂತ್ಕೋ."

"ಇದ್ರ ಮೇಲಾ? ಬಟ್ಟೆ ಒದ್ದೆ ಇದೆ ಡಾಕ್ಟ್ರೇ."

"ಕೂತ್ಕೋಮ್ಮಾ ಸುಮ್ಮನೆ!"

ಹತ್ತು ನಿಮಿಷವೂ ಹಿಡಿಯಲಿಲ್ಲ. ಪುಸ್ತಕ ಓದುವವರಿಗೆ ದಿನಾ ಕೊಡುವಂಥ ಸಾದಾ ನಂಬರು. ಶೋಕೇಸಿನಿಂದ ಒಂದನ್ನು ತೆಗೆದು ತೊಡಿಸಿ, ಸೂಜಿ ದಾರ ಕೈಗಿತ್ತರು. ದಾರ ಒಂದೇ ಸಲಕ್ಕೆ ಒಳಗೆ ಹೋಯಿತು. ಅವಳು ಅದನ್ನು ಎಳೆದು ತೆಗೆದು, ಮತ್ತೆ ಪೋಣಿಸಿ ನೋಡಿದಳು.

"ನಡಿ, ಈಗಲೇ ಹೋಗೋಣ. ನಾನೇ ಬಂದು ಹೇಳ್ತೀನಿ."

"ಇದ್ದಿದ್ದು ಒಂದೇ ಜಾಗ. ಆ ಹುಡುಗಿ ನಕ್ಕಳಲ್ಲ, ಅವಳನ್ನೇ ತಗೊಂಡ್ರು," ಎಂದಳು ಅಕ್ಕ. "ಹೋಗ್ಲಿ, ಅವಳಿಗೂ ಬೇಕಿತ್ತಲ್ಲ. ಮಗಳಿಗೆ ಬೆಳಿಗ್ಗೇನೇ ಹೇಳ್ದೆ. ಪುಸ್ತಕ ಎಲ್ಲಾ ಕಟ್ಟಿಟ್ಟಳು."

ಅವರಿಗೆ ತಡೆಯಲಾಗಲಿಲ್ಲ. ಅಪರಾಧಿ ತಾವೇ ಎಂದು ಗೊತ್ತಿದ್ದೂ ಅವಳ ಮೇಲೇ ರೇಗಿದರು. "ಯಾಕೆ ಬಾಯಿ ಬಿಡಲಿಲ್ಲ ನೀನು? ಮುನ್ನೂರು ಕನ್ನಡಕ ನಿನ್ನ ಕೈಯಲ್ಲೇ ಇತ್ತಲ್ಲಮ್ಮಾ!"

ಅಕ್ಕ ಕುರ್ಚಿಯಿಂದಿಳಿದು, ಕೂತ ಜಾಗವನ್ನು ಬಟ್ಟೆಯಿಂದ ಒರೆಸಿದಳು. "ನಿನ್ನೆ ನೀವು ಊಟಕ್ಕೆ ಹೋದಾಗ ಆ ನೀಲೀದನ್ನ ಹಾಕ್ಕೊಂಡು ನೋಡ್ದೆ ಡಾಕ್ಟ್ರೇ. ನನ್ನ ರವಿಕೆ ತೋಳಿನ ಹೊಲಿಗೆ ಒಂದೊಂದೂ ಕಾಣ್ತು. ಆದ್ರೆ ಅದು ಅಲ್ಲಿನ ಬಡವರದ್ದು ಅಂತ ಚೀಟಿ ಅಂಟಿಸಿಬಿಟ್ಟಿದ್ರಲ್ಲ," ಎಂದಳು. "ಪೆಟ್ಟಿಗೆಗೆ ಹಾಕೋಕೆ ಮಾತ್ರ ಮನಸ್ಸು ಬರ್ಲಿಲ್ಲ. ಅದಕ್ಕೇ ಒರೆಸ್ತಾನೇ ಇದ್ದೆ."