ಐದನೆಯ ಅಧಿಕ ಮಾಸ

ಜಪಾನಿನ ಆ ಹಳೆಯ ಅರಮನೆಯಲ್ಲಿ ಎಲ್ಲರ ಹುಟ್ಟುಹಬ್ಬವೂ ಹೊಸವರ್ಷದ ದಿನವೇ. ಪಂಚಾಂಗ ಬರೆಯುವ ಹಿರೊನಾರಿ ಒಂದು ಅಧಿಕ ಮಾಸ ಸೇರಿಸಿದರೆ ಸಾಕು, ಹೊಸವರ್ಷ ಮುಂದಕ್ಕೆ ಹೋಗುತ್ತದೆ; ಆ ತಿಂಗಳು ಯಾರ ಕೂದಲೂ ನರೆಯುವುದಿಲ್ಲ, ಯಾವ ಮಗುವೂ ಬೆಳೆಯುವುದಿಲ್ಲ. ರಾಣಿಯ ಸಖಿ ಕೊಬೆನ್ ತಾನು ನಲವತ್ತಕ್ಕೆ ಕಾಲಿಡಲು ಒಲ್ಲದೆ, ಅವನಿಗೆ ಅಕ್ಕಿ ಕಡುಬು ತಿನ್ನಿಸಿ ತಿನ್ನಿಸಿ ಈಗಾಗಲೇ ನಾಲ್ಕು ಅಧಿಕ ಮಾಸ ಬರೆಸಿಕೊಂಡಿದ್ದಳು.

ಇಂದೂ ಕಡುಬಿನ ಬುಟ್ಟಿ ಕಂಡದ್ದೇ ಹಿರೊನಾರಿ ಕುಂಚ ಎತ್ತಿಕೊಂಡ. "ಐದನೇದು ತಾನೆ?"

"ಬೇಡಪ್ಪಾ! ನಾಳೇನೇ ಹೊಸವರ್ಷ ಅಂತ ಬರೆದುಬಿಡು. ಮೊಮ್ಮಗಳು ನಾಲ್ಕು ತಿಂಗಳಿಂದ ಬೊಚ್ಚುಬಾಯಲ್ಲೇ ನಗ್ತಿದಾಳೆ. ಒಂದು ಹಲ್ಲಾದ್ರೂ ಬರಬೇಡ್ವಾ?"

"ನಿಮಗೆ ನಲವತ್ತಾಗುತ್ತಲ್ಲ?"

"ಆಗ್ಲಿ ಬಿಡು."

ಮರುದಿನ ಕನ್ನಡಿಯಲ್ಲಿ ಮೂರು ಬಿಳಿಕೂದಲು ಕಂಡವು. ಕೊಬೆನ್ ಅವನ್ನು ಕೀಳಲೂ ಹೋಗಲಿಲ್ಲ. ಮೊಮ್ಮಗಳ ಹೊಸ ಹಲ್ಲು ಕಚ್ಚಿದ ತನ್ನ ಬೆರಳನ್ನು ಎತ್ತಿ ಹಿಡಿದು ಅರಮನೆಯ ತುಂಬ ಓಡಾಡಿದಳು.

"ನೋಡ್ರೇ, ನನ್ನ ಹುಟ್ಟುಹಬ್ಬದ ಉಡುಗೊರೆ!"