ಮುಚ್ಚಿದ ದೂರದರ್ಶಕ

ಭೂಮಿಯನ್ನು ಸುತ್ತುವ ಆ ದೂರದರ್ಶಕದಲ್ಲಿ ದೇವೀರಮ್ಮ ಮತ್ತು ನಜೀರ್ ಇಬ್ಬರೇ ಇದ್ದರು. ಕನ್ನಡಿಯನ್ನು ತಣ್ಣಗಿಡುವುದು, ಕೆಳಗಿನವರು ಹೇಳಿದ ಕಡೆಗೆ ತಿರುಗಿಸುವುದು, ಕಾಯುವುದು ಅವರ ದಿನದ ಕೆಲಸವಾಗಿತ್ತು. ಈಚೆಗೆ ದೇವೀರಮ್ಮನಿಗೆ ನಕ್ಷತ್ರ ನೋಡಿದರೆ ಕಣ್ಣುರಿ ಬರುತ್ತಿತ್ತು.

ಇವರನ್ನು ಇಳಿಸಿಕೊಂಡು ಹೋಗುವ ನೌಕೆ ಹತ್ತಿರ ಬಂದ ದಿನವೇ ದೂರದ ಒಂದು ನಕ್ಷತ್ರ ಸಿಡಿಯತೊಡಗಿತು. ನೌಕೆಯ ಹೊಗೆ ಕನ್ನಡಿಯ ಮೇಲೆ ಕೂರದಂತೆ ಮೊದಲು ದೂರದರ್ಶಕದ ಬಾಗಿಲು ಮುಚ್ಚಬೇಕು. ಮುಚ್ಚಿದರೆ ಆ ಸಿಡಿತದ ಮೊದಲ ಗಳಿಗೆಗಳು ಯಾರಿಗೂ ಸಿಗುವುದಿಲ್ಲ.

"ನೌಕೆ ವಾಪಸ್ ಕರೆಸ್ಕೋತೀವಿ. ಮುಂದಿನದು ಮಳೆಗಾಲ ಮುಗಿದ ಮೇಲೆ ಬರುತ್ತೆ," ಎಂದರು ಭೂಮಿಯಿಂದ ರೇಡಿಯೊದಲ್ಲಿ ಅಧಿಕಾರಿ.

ನಜೀರ್ ಮೇಲೆ ಬಂದ ನಂತರ ಹುಟ್ಟಿದ ಮಗಳು ಈಗ ಊರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅವನು ಕಟ್ಟಿಟ್ಟ ಚೀಲವನ್ನು ಬಿಚ್ಚತೊಡಗಿದ.

"ಬಿಚ್ಚಬೇಡ," ಎಂದಳು ದೇವೀರಮ್ಮ.

"ಇಂಥದ್ದು ಮತ್ತೆ ಸಿಗಲ್ಲ ಅಕ್ಕ. ನೋಡೋಣ ಬಿಡಿ."

"ನೋಡಿದ್ದು ಸಾಕು ಕಣಪ್ಪ. ನನಗೆ ಸುಸ್ತಾಗಿದೆ. ನಿನ್ನ ನೆಪ ಮಾಡ್ಕೊಂಡು ನಾನೇ ಇಳೀತಿದೀನಿ ಅಂದ್ಕೋ."

ಅವಳು ಬಾಗಿಲು ಮುಚ್ಚುವ ಗುಂಡಿ ಒತ್ತಿದಳು. ಅಧಿಕಾರಿ ಕೂಗಾಡಿದರು, ಇನ್ನೆಂದೂ ಅವಳನ್ನು ಮೇಲೆ ಕಳಿಸುವುದಿಲ್ಲ ಎಂದರು.

"ಆಗಲಿ ಸಾರ್," ಎಂದಳು.

ನೌಕೆ ಮೆಲ್ಲಗೆ ಬಂದು ತಾಗಿತು. ಕೋಟ್ಯಂತರ ವರ್ಷಗಳ ಹಿಂದೆ ಹೊರಟಿದ್ದ ಬೆಳಕು ಹೊರಗೆ ಮುಚ್ಚಿದ ಬಾಗಿಲಿಗೆ ಬಿದ್ದು ವ್ಯರ್ಥವಾಗುತ್ತಿತ್ತು. ಅದನ್ನು ನೆನೆದು ದೇವೀರಮ್ಮನಿಗೆ ಅಳು ಬಂತು. ಸೆರಗಿಲ್ಲದ ಆ ಉಡುಪಿನ ತೋಳಿಗೇ ಕಣ್ಣೊರೆಸಿಕೊಂಡು, ನಜೀರನನ್ನು ಮೊದಲು ಹತ್ತಿಸಿದಳು.